ಚಮಚ ಓರೆ ಮಾಡಿ ತೋರಿಸಿ, ಭಾಷಣ ಬೇಡ

ನಾನು ಮಾಡಿದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿ. ಯಲಹಂಕದಲ್ಲಿ ಬಸ್ ಹತ್ತಿ, ಕಂಕುಳಲ್ಲಿ ಬಣ್ಣದ ಚಾರ್ಟು ಇಟ್ಟುಕೊಂಡು ಹೋಗಿದ್ದೆ. ಅಂಗನವಾಡಿಯಲ್ಲಿ ಇಪ್ಪತ್ತು ಹೆಂಗಸರು ಕೂತಿದ್ದರು. ಎಳೆ ಮಕ್ಕಳಿಗೆ ಏನು, ಹೇಗೆ ಉಣ್ಣಿಸಬೇಕು ಅಂತ ಮುಕ್ಕಾಲು ಗಂಟೆ ಮಾತಾಡಿದೆ. ಪ್ರೋಟೀನು, ವಿಟಮಿನ್ನು, 250 ಮಿಲಿ ಬಟ್ಟಲು, ಎಲ್ಲಾ ಆಯಿತು. ಎಲ್ಲರೂ ತಲೆಯಾಡಿಸಿದರು. ಕೊನೆಗೆ ಗೋಡೆಗೆ ಒರಗಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜಿಯೊಬ್ಬರು ಕೇಳಿದರು: "ಎಲ್ಲಾ ಸರಿ ಕಣವ್ವ, ಬಾಳೆಹಣ್ಣು ಕೊಟ್ರೆ ಕೂಸಿಗೆ ಶೀತ ಆಗಲ್ವಾ?"

ಅದಕ್ಕೆ ನನ್ನ ಹತ್ತಿರ ಚಾರ್ಟು ಇರಲಿಲ್ಲ. ತಡವರಿಸಿದೆ. ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದರು.

ಸಂಜೆ ಅದೇ ಅಜ್ಜಿಯ ಮನೆಗೆ ಹೋದೆ. ಸೊಸೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಬೆಳಗ್ಗೆ ಏಳಕ್ಕೆ ವ್ಯಾನು ಬರುತ್ತದೆ. ಒಂಬತ್ತು ತಿಂಗಳ ಮೊಮ್ಮಗನಿಗೆ ಹಗಲೆಲ್ಲಾ ಉಣ್ಣಿಸುವವರು ಈ ಅಜ್ಜಿಯೇ. ಆ ಸಭೆಯಲ್ಲಿ ನಿಜವಾಗಿ ಚಮಚ ಹಿಡಿಯುವ ಕೈ ಅವರದು. ನಾನು ಮಾತಾಡಿದ್ದೆಲ್ಲಾ ಮುಂದೆ ಕೂತಿದ್ದ ಎಳೆ ವಯಸ್ಸಿನವರ ಜೊತೆ.

ನೆಲಮಂಗಲ, ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆ ಹಳ್ಳಿಗಳಿಗೆ ಇಂಥ ಕೆಲಸಕ್ಕೆ ಹೋಗುವವರು ಈಗ ತುಂಬಾ ಜನ ಇದ್ದಾರೆ. ನರ್ಸಿಂಗ್ ವಿದ್ಯಾರ್ಥಿಗಳು, ಸ್ವಯಂಸೇವಕರು, ಹೊಸದಾಗಿ ಸೇರಿದ ಅಂಗನವಾಡಿ ಕಾರ್ಯಕರ್ತೆಯರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೋಗುವ ಮುಂಚೆ

ಮೊದಲು ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಇಬ್ಬರನ್ನೂ ಕಂಡು ಮಾತಾಡಿ. ಹುಟ್ಟಿದ ಕೂಸಿನ ಮನೆಗೆ ಆಶಾ ಮೊದಲ 42 ದಿನದಲ್ಲಿ ಹಲವು ಸಲ ಹೋಗಿರುತ್ತಾರೆ. ಆಮೇಲೆ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮತ್ತೆ ಹೋಗುತ್ತಾರೆ. ಯಾರ ಮನೆಯಲ್ಲಿ ಯಾವ ಕೂಸು ಸೊರಗಿದೆ, ಯಾರ ಮನೆಯಲ್ಲಿ ಅತ್ತೆ ಮಾತು ನಡೆಯುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಅವರನ್ನು ಬಿಟ್ಟು ನೇರವಾಗಿ ಮನೆಗೆ ನುಗ್ಗಿದರೆ ನಾವು ಬಂದು ಹೋಗುವ ನೆಂಟರು ಅಷ್ಟೆ.

ಹೊತ್ತು ನೋಡಿಕೊಳ್ಳಿ. ಬೆಳಗ್ಗೆ ಮತ್ತು ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿನಲ್ಲಿ ಯಾರೂ ಸಿಗುವುದಿಲ್ಲ. ರಾಗಿ ಕುಯ್ಲು, ಒಕ್ಕಣೆ ಸಮಯದಲ್ಲಂತೂ ಊರೇ ಹೊಲದಲ್ಲಿ. ಮಧ್ಯಾಹ್ನ ಊಟದ ಹೊತ್ತು ಒಳ್ಳೆಯದು, ಮಗು ಉಣ್ಣುವುದನ್ನೂ ನೋಡಬಹುದು. ಗಂಡಸರನ್ನು ಹಿಡಿಯಬೇಕಾದರೆ ಮಾತ್ರ ಡೈರಿಯ ಸಾಲೇ ಸರಿಯಾದ ಜಾಗ. ಅಂಗಡಿಯಿಂದ ಐದು ರೂಪಾಯಿ ಪ್ಯಾಕೆಟ್ ತಂದು ಕೂಸಿನ ಕೈಗೆ ಕೊಡುವವರು ಹೆಚ್ಚಾಗಿ ಅಪ್ಪ, ತಾತಂದಿರೇ ಅಲ್ವಾ?

ಇನ್ನೊಂದು ವಿಷಯ. ಯಾವ ಕಂಪನಿಯ ಸ್ಯಾಂಪಲ್ಲನ್ನೂ, ಅವರು ಅಚ್ಚು ಹಾಕಿಸಿದ ಕರಪತ್ರವನ್ನೂ ಜೊತೆಗೆ ಒಯ್ಯಬೇಡಿ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಬಾಟಲಿ, ಡಬ್ಬಿ ಆಹಾರದ ಪ್ರಚಾರಕ್ಕೆ ನಮ್ಮಲ್ಲಿ 1992ರ ಕಾನೂನಿನ ತಡೆ ಇದೆ. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು.

ಮೊದಲ ಸಲ ಸುಮ್ನೆ ಕೂತು ನೋಡಿ

ಮೊದಲ ಭೇಟಿಯಲ್ಲಿ ಏನೂ ಹೇಳಬೇಡಿ. ನೀರು ಕೊಟ್ಟರೆ ಕುಡಿಯಿರಿ, ಕೂತು ನೋಡಿ. ಮಗುವಿಗೆ ಬೇರೆ ತಟ್ಟೆ ಇದೆಯಾ? ಉಣ್ಣಿಸುವವರು ಯಾರು, ಕೈ ತೊಳೆದರಾ? ಬಟ್ಟಲಲ್ಲಿ ಇರುವುದು ಗಟ್ಟಿಯಾ, ನೀರಾ? ಎಷ್ಟು ತುತ್ತು ಒಳಗೆ ಹೋಯಿತು, ಎಷ್ಟು ಗಲ್ಲದ ಮೇಲೆ ಉಳಿಯಿತು?

ಅಜ್ಜಿಯ ಮನೆಯಲ್ಲಿ ನಾನು ನೋಡಿದ್ದು ಇದು. ಅವತ್ತು ಬಸ್ಸಾರು. ಅವರೆಕಾಳು, ದಂಟಿನ ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರು ಮಾಡಿದ್ದರು. ಬಸಿದ ಕಾಳು, ಸೊಪ್ಪು ಪಲ್ಯವಾಗಿ ದೊಡ್ಡವರ ತಟ್ಟೆಗೆ ಹೋಯಿತು. ಕೂಸಿಗೆ ಎರಡು ತುತ್ತು ಅನ್ನ ಕಿವುಚಿ, ಮೇಲೆ ಆ ತಿಳಿ ಕಟ್ಟು ಹಾಕಿದರು. "ಕಾಳಿನ ಸತ್ವ ಎಲ್ಲಾ ಕಟ್ಟಲ್ಲೇ ಇರೋದು" ಅಂದರು ಅಜ್ಜಿ. ಪ್ರೀತಿಯಿಂದಲೇ ಕೊಟ್ಟರು. ಆದರೆ ಕಾಳು ತಾತನ ತಟ್ಟೆಯಲ್ಲಿತ್ತು, ನೀರು ಮೊಮ್ಮಗನ ಬಟ್ಟಲಲ್ಲಿತ್ತು.

ನಮ್ಮ ಕಡೆ ಎಳೆ ಮಕ್ಕಳ ಊಟದ ತೊಂದರೆಯಲ್ಲಿ ಅರ್ಧ ಇಲ್ಲೇ ಇದೆ ಅಂತ ನನ್ನ ಲೆಕ್ಕ. ಬೇಳೆ ಕಟ್ಟು, ಗಂಜಿ ತಿಳಿ, ನೀರು ಬೆರೆಸಿದ ಹಾಲು. ಮನೆಯಲ್ಲಿ ಏನೂ ಇಲ್ಲ ಅಂತಲ್ಲ. ಇರುವುದರ ತಿಳಿ ಮಾತ್ರ ಕೂಸಿಗೆ ಬರುತ್ತದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿಗೆ ರಕ್ತ ಕಡಿಮೆ. ಈ ಅಂಕಿಗಳು ನಿಮ್ಮ ತಲೆಯಲ್ಲಿರಲಿ. ಅಜ್ಜಿಗೆ ಹೇಳಿದರೆ ಏನೂ ಆಗುವುದಿಲ್ಲ.

ಆರು ತಿಂಗಳ ಒಳಗಿನ ಕೂಸಾದರೆ

ಇಲ್ಲಿ ಹೇಳಬೇಕಾದ್ದು ಕಡಿಮೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಆಪರೇಷನ್ ಆಗಿದ್ದರೂ ಯಾರಾದರೂ ಹಿಡಿದುಕೊಂಡು ಕುಡಿಸಬಹುದು. ಆರು ತಿಂಗಳು ತುಂಬುವವರೆಗೆ ಅದೊಂದೇ, ನೀರೂ ಬೇಡ. ಬೇಸಿಗೆಯಲ್ಲೂ ಬೇಡ, ಎದೆಹಾಲಿನಲ್ಲಿ ಬಹುಪಾಲು ನೀರೇ ಇರುತ್ತದೆ. ಡಾಕ್ಟರು ಹೇಳಿದ ಔಷಧಿ, ಡ್ರಾಪ್ಸ್ ಕೊಡಬಹುದು. ಜೇನು ನೆಕ್ಕಿಸುವುದು, ಸಕ್ಕರೆ ನೀರು, ಹರಳೆಣ್ಣೆ, ಬಜೆ ತೇಯ್ದು ಹಾಕುವುದು ಯಾವುದೂ ಬೇಡ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ಮುಟ್ಟಿಸಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆ ಕೂಸಿನ ಕರುಳಲ್ಲಿ ವಿಷ ಮಾಡುತ್ತದೆ.

ಮೊದಲ ಹಾಲನ್ನು "ಕೆಟ್ಟ ಹಾಲು" ಅಂತ ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. ಅಲ್ಲಿ ವಿಜ್ಞಾನ ಹೇಳಲು ಹೋಗಬೇಡಿ, ಕೊಟ್ಟಿಗೆ ಕಡೆ ಕೈ ತೋರಿಸಿ. ಹಸು ಈದ ಕೂಡಲೇ ಕರುವಿಗೆ ಗಿಣ್ಣು ಕುಡಿಸದಿದ್ದರೆ ಏನಾಗುತ್ತದೆ ಅಂತ ಕೇಳಿ. "ಕರು ಉಳಿಯಲ್ಲ" ಅಂತ ಅವರೇ ಹೇಳುತ್ತಾರೆ. "ಇದೂ ಅದೇ ಗಿಣ್ಣು ಅಲ್ವಾ ಅಜ್ಜಿ?" ಅಂದರೆ ಸಾಕು. ಒಬ್ಬ ಅತ್ತೆ ಇದನ್ನು ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಂಡು ನಕ್ಕುಬಿಟ್ಟರು.

"ಹಾಲು ಸಾಲ್ತಾ ಇಲ್ಲ" ಅನ್ನುವುದು ಮುಂದಿನ ದೂರು. ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಹೋಗುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತ ಅರ್ಥ. ಕೂಸು ಚೀಪಿದಷ್ಟೂ ಹಾಲು ಇಳಿಯುತ್ತದೆ, ರಾತ್ರಿ ಕುಡಿಸುವುದನ್ನು ಬಿಡಬಾರದು. ಬಾಣಂತಿಗೆ ನೀರು, ಊಟ ಕಟ್ಟಿ ಪಥ್ಯ ಮಾಡಿಸುತ್ತಿದ್ದರೆ ಅದನ್ನು ಮೊದಲು ಬಿಡಿಸಿ. ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಬಿಸಿಯೂಟ 2017ರಿಂದ ಇದೆ. ಬಾಣಂತಿ ಹೊಸಿಲು ದಾಟಬಾರದು ಅನ್ನುವ ಮನೆಯಾದರೆ ಏನು ದಾರಿ ಅಂತ ಕಾರ್ಯಕರ್ತೆಯನ್ನೇ ಕೇಳಿ.

ಕೆಲಸಕ್ಕೆ ಹೋಗುವ ತಾಯಿ ಹಾಲು ಹಿಂಡಿಟ್ಟು ಹೋಗಬಹುದು. ಕೈ, ಪಾತ್ರೆ ಚೊಕ್ಕಟವಾಗಿರಬೇಕು. ತಂಪಾದ ಜಾಗದಲ್ಲಿ ಮುಚ್ಚಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಲ್ಲಾದರೆ ಒಂದು ದಿನ. ಕುಡಿಸಲು ಬಾಟಲಿ ಬೇಡ, ಒಳಲೆ (ಕೊಕ್ಕಿರುವ ಪುಟ್ಟ ಬಟ್ಟಲು) ಸಾಕು. ಆದರೆ ಹಳೆಯ ಕ್ರಮ ಬೇಡ. ಕಾಲು ನೀಡಿಕೊಂಡು, ಕೂಸನ್ನು ಅಂಗಾತ ಮಲಗಿಸಿ, ಮೂಗು ಒತ್ತಿ ಹುಯ್ಯುವುದನ್ನು ನಾನೂ ಕಂಡಿದ್ದೇನೆ. ಹಾಗೆ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಸನ್ನು ಅರ್ಧ ಕೂರಿಸಿಕೊಂಡು ಒಳಲೆಯನ್ನು ತುಟಿಗೆ ತಾಗಿಸಿ, ಅದೇ ಗುಟುಕರಿಸಲಿ.

ಆರು ತಿಂಗಳು ತುಂಬಿದ ಮೇಲೆ: ಚಮಚದ ಪರೀಕ್ಷೆ

"ಹಲ್ಲೇ ಬಂದಿಲ್ಲ, ಏನು ತಿನ್ನುತ್ತೆ?" ಅನ್ನುತ್ತಾರೆ. ಕೆಲವರು ಒಳ್ಳೆ ದಿನ ನೋಡಿ ಘಾಟಿ ಸುಬ್ರಹ್ಮಣ್ಯ ದೇವಸ್ಥಾನಕ್ಕೆ ಹೋಗಿ ಅನ್ನಪ್ರಾಶನ ಮಾಡಿಸಬೇಕು ಅಂತ ಎಂಟು, ಒಂಬತ್ತು ತಿಂಗಳು ತಳ್ಳುತ್ತಾರೆ. ಘಾಟಿಗೆ ಹೋಗುವುದು ಬೇಡ ಅನ್ನಬೇಡಿ. ಆರು ತಿಂಗಳು ತುಂಬುವ ವಾರಕ್ಕೇ ದಿನ ಇಟ್ಟುಕೊಳ್ಳಿ ಅನ್ನಿ. ಆರು ತಿಂಗಳ ನಂತರ ಎದೆಹಾಲೊಂದೇ ಸಾಲುವುದಿಲ್ಲ. ಹೊಟ್ಟೆಯಿಂದ ತಂದ ಕಬ್ಬಿಣದ ಅಂಶವೂ ಆಗ ತೀರುತ್ತಾ ಬಂದಿರುತ್ತದೆ. ಹಾಗಂತ ಎದೆಹಾಲು ಬಿಡಿಸುವುದಲ್ಲ, ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಕುಡಿಯಲಿ.

ಈಗ ಪಾಠದ ಮುಖ್ಯ ಭಾಗ. ಅವರ ಮನೆಯ ಒಲೆ ಮುಂದೆ, ಅವರದೇ ಪಾತ್ರೆಯಲ್ಲಿ, ಅವರ ಕೈಯಲ್ಲೇ ಮಾಡಿಸಿ. ಎರಡು ಬಟ್ಟಲು ತಗೊಳ್ಳಿ. ಒಂದರಲ್ಲಿ ಅವರು ದಿನಾ ಮಾಡುವ ರಾಗಿ ಗಂಜಿ, ಇನ್ನೊಂದರಲ್ಲಿ ಗಟ್ಟಿಯಾಗಿ ಬೇಯಿಸಿದ ರಾಗಿ ಸರಿ ಹಿಟ್ಟು. ಒಂದೊಂದು ಚಮಚ ತುಂಬಿ ಮೆಲ್ಲಗೆ ಓರೆ ಮಾಡಿ. ಗಂಜಿ ಸರ್ರನೆ ಹರಿದುಹೋಗುತ್ತದೆ. ಸರಿ ಚಮಚಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಬಿದ್ದರೂ ತೊಪ್ಪನೆ ಬೀಳುತ್ತದೆ. "ಚಮಚದಲ್ಲೇ ನಿಲ್ಲದ್ದು ಹೊಟ್ಟೇಲಿ ಎಷ್ಟು ಹೊತ್ತು ನಿಲ್ಲುತ್ತೆ?" ಅಂತ ಕೇಳಿ. ಎಂಟು ತಿಂಗಳ ಕೂಸಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿಲಿ, ಒಂದು ಲೋಟ. ಆ ಲೋಟದಲ್ಲಿ ನೀರೇ ತುಂಬಿದರೆ ರಾಗಿಗೆ ಜಾಗ ಎಲ್ಲಿ?

ರಾಗಿ ಸರಿ ಮಾಡುವ ಬಗೆ

ಮೂರು ಪಾವು ರಾಗಿ, ಒಂದು ಪಾವು ಹೆಸರುಕಾಳು. ಬೇರೆ ಬೇರೆ ತೊಳೆದು, ಕಲ್ಲು ಆರಿಸಿ, ರಾತ್ರಿ ನೆನೆಹಾಕಿ. ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಹೆಸರುಕಾಳು ಒಂದು ದಿನಕ್ಕೆ ಮೊಳಕೆ ಒಡೆಯುತ್ತದೆ, ರಾಗಿಗೆ ಚಳಿಗಾಲವಾದರೆ ಎರಡು ದಿನ ಬೇಕು. ನೆರಳಲ್ಲಿ ಹರಡಿ ಗರಿಗರಿ ಒಣಗಿಸಿ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿದು ಮಿಲ್ಲಿಗೆ ಕೊಡಿ. ಮಿಲ್ಲಿನವರಿಗೆ ಮುಂಚೆ ಖಾರದ ಪುಡಿ ಬೀಸಿದ್ದರೆ ಇದನ್ನು ಹಾಕಬೇಡಿ ಅಂತ ಹೇಳಿ. ಒಂದು ಮನೆಯಲ್ಲಿ ಅದೇ ಆಗಿ ಎರಡು ಸೇರು ಹಿಟ್ಟು ದನಕ್ಕೆ ಹಾಕಬೇಕಾಯಿತು.

ಹಿಟ್ಟನ್ನು ಜರಡಿ ಹಿಡಿದರೆ ಸಾಕು. ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡುವುದು ನಮ್ಮ ಅಜ್ಜಿಯರ ಹೆಮ್ಮೆ, ಆದರೆ ಹಾಗೆ ಗಾಳಿಸಿದರೆ ತೌಡಿನ ಜೊತೆ ಕಬ್ಬಿಣ, ಸುಣ್ಣದ ಅಂಶವೂ ಹೋಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆ ಲಾಭವನ್ನು ಬಟ್ಟೆಯಲ್ಲಿ ಬಿಡುವುದು ಯಾಕೆ?

ಒಂದು ಹೊತ್ತಿಗೆ ಎರಡು ದೊಡ್ಡ ಚಮಚ ಹಿಟ್ಟು. ಮೊದಲು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಆಮೇಲೆ ಮುಕ್ಕಾಲು ಲೋಟ ನೀರಲ್ಲಿ ಕೈಯಾಡಿಸುತ್ತಾ ಚೆನ್ನಾಗಿ ಬೇಯಿಸಿ. ಇಳಿಸಿ ಒಂದು ಸಣ್ಣ ಚಮಚ ತುಪ್ಪ ಹಾಕಿ. ಒಂದು ವರ್ಷದವರೆಗೆ ಉಪ್ಪು ಬೇಡ, ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಬೇಡ. ಬೆಲ್ಲದ ವಿಷಯಕ್ಕೆ ಜಗಳ ಆಗುತ್ತದೆ, ಆಗಲಿ. ಕಿವುಚಿದ ಬಾಳೆಹಣ್ಣು, ಪರಂಗಿ ಹಣ್ಣು ಬೆರೆಸಿದರೆ ಸಿಹಿ ಸಾಕಾಗುತ್ತದೆ.

ಮೊಳಕೆ ರಾಗಿಗೆ ಇನ್ನೊಂದು ಗುಣವಿದೆ, ಇದನ್ನು ಕಣ್ಣಾರೆ ತೋರಿಸಿ. ತುಂಬಾ ಗಟ್ಟಿಯಾಗಿ ಬೇಯಿಸಿದ ಸಾದಾ ರಾಗಿ ಗಂಜಿಗೆ, ಇನ್ನೂ ಬೆಚ್ಚಗಿರುವಾಗ, ಹುರಿಯದೆ ಎತ್ತಿಟ್ಟ ಮೊಳಕೆ ಹಿಟ್ಟನ್ನು ಒಂದು ಚಿಟಿಕೆ ಹಾಕಿ ಕಲಕಿ. ಒಂದೆರಡು ನಿಮಿಷದಲ್ಲಿ ಅದು ಸಡಿಲವಾಗಿ ಮೆತ್ತಗಾಗುತ್ತದೆ, ನೀರು ಹಾಕಿಯೇ ಇಲ್ಲ! ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೀಗಾಗುತ್ತದೆ. ಮತ್ತೆ ಒಂದು ಕುದಿ ಬರಿಸಿ ಕೊಡಿ. ನುಂಗಲು ಸುಲಭ, ಹಿಟ್ಟು ಅಷ್ಟೇ ಇರುತ್ತದೆ. ಹೆಂಗಸರು ಇದನ್ನು ಮಂತ್ರ ಹಾಕಿದ ಹಾಗೆ ನೋಡುತ್ತಾರೆ.

ಹಾಗಂತ ಮೂರು ಹೊತ್ತೂ ರಾಗಿ ಸರಿಯೇ ಕೊಡುವುದು ನಮ್ಮ ಕಡೆಯ ಇನ್ನೊಂದು ತಪ್ಪು.

ಮನೆ ಮಂದಿಯ ಪಾತ್ರೆಯಿಂದಲೇ

ಮತ್ತೆ ಬಸ್ಸಾರಿಗೆ ಬರೋಣ. ಕಟ್ಟು ಬಸಿಯುವ ಮುಂಚೆ, ಉಪ್ಪು ಖಾರ ಬೀಳುವ ಮುಂಚೆ, ಬೆಂದ ಕಾಳು, ಸೊಪ್ಪನ್ನು ಎರಡು ಚಮಚ ತೆಗೆದು ಕೂಸಿನ ಬಟ್ಟಲಿಗೆ ಹಾಕಿಸಿ. ಚೆನ್ನಾಗಿ ಕಿವುಚಿ, ಅನ್ನವೋ ಮೆತ್ತನೆ ಮುದ್ದೆಯೋ ಬೆರೆಸಿ, ತುಪ್ಪ ಹಾಕಿ, ನಾಲ್ಕು ಹನಿ ನಿಂಬೆರಸ. ನಿಂಬೆಯಿಂದ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಮಸ್ಸೊಪ್ಪು ಇನ್ನೂ ಸುಲಭ, ಅದು ಮೊದಲೇ ಮಸೆದದ್ದು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ, ಸಿಪ್ಪೆಯ ತೊಂದರೆಯೂ ಇಲ್ಲ. ಇದಕ್ಕೆ ಹೊಸ ಅಡುಗೆ ಮಾಡುವ ಕೆಲಸವೇ ಇಲ್ಲ, ಒಂದು ಸೌಟು ಮುಂಚೆ ಎತ್ತಿಡುವುದಷ್ಟೇ.

ದಿನದಲ್ಲಿ ಎಷ್ಟು ಬಗೆ ಆಯಿತು ಅಂತ ಬೆರಳು ಮಡಚಿ ಎಣಿಸಿಸಿ. ಎದೆಹಾಲು, ಧಾನ್ಯ, ಕಾಳು ಬೇಳೆ, ಹಾಲು ಮೊಸರು, ಮೊಟ್ಟೆ, ಮಾಂಸ ಮೀನು, ಹಳದಿ ಹಸಿರು ತರಕಾರಿ ಹಣ್ಣು, ಬೇರೆ ತರಕಾರಿ ಹಣ್ಣು. ಈ ಎಂಟರಲ್ಲಿ ಐದಾದರೂ ಆಗಬೇಕು. ಮಾಂಸ ತಿನ್ನದ ಮನೆಯಲ್ಲೂ ಐದು ಆಗುತ್ತದೆ. ಮೊಟ್ಟೆ ತಿನ್ನುವ ಮನೆಯಲ್ಲಿ ಆರು ತಿಂಗಳಿಂದಲೇ ಬೇಯಿಸಿ, ಕಿವುಚಿ ಕೊಡಬಹುದು.

ಅಳತೆಗೆ ಒಂದು ಉಪಾಯ. 250 ಮಿಲಿ ನೀರು ಹಿಡಿಯುವ ಸಣ್ಣ ಬಾಟಲಿ ಒಯ್ಯಿರಿ. ಅವರ ಮನೆಯ ಸ್ಟೀಲ್ ಬಟ್ಟಲಿಗೆ ಆ ನೀರಲ್ಲಿ ಅರ್ಧ ಹುಯ್ದು, ಎಲ್ಲಿಗೆ ಬಂತೋ ಅಲ್ಲಿ ಹೊರಗಡೆ ಉಗುರು ಬಣ್ಣದಲ್ಲಿ ಗೆರೆ ಎಳೆಯಿರಿ. ಶುರುವಿನಲ್ಲಿ ಒಂದು ಹೊತ್ತಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ಎಂಟು ತಿಂಗಳ ಹೊತ್ತಿಗೆ ಆ ಗೆರೆಯ ತನಕ, ಮೂರು ಸಲ. ಒಂಬತ್ತರಿಂದ ಹನ್ನೊಂದು ತಿಂಗಳು ಅದೇ ಗೆರೆ, ಮೂರು ನಾಲ್ಕು ಸಲ, ನಡುವೆ ಒಂದೆರಡು ಸಲ ಹಣ್ಣು, ಇಡ್ಲಿ ಚೂರು ಏನಾದರೂ. ವರ್ಷ ದಾಟಿದ ಮೇಲೆ ಮುಕ್ಕಾಲಿನಿಂದ ಪೂರ್ತಿ 250 ಮಿಲಿ. ಕೂಸಿಗೆ ಬೇರೆ ಬಟ್ಟಲು ಇರಲೇಬೇಕು. ಅಮ್ಮನ ತಟ್ಟೆಯಲ್ಲಿ ಕೂತು ತಿಂದರೆ ಎಷ್ಟು ತಿಂದಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಉಣ್ಣಿಸುವಾಗ ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾ ಕೊಡಲಿ. ಬಾಯಿ ತಿರುಗಿಸಿದರೆ ನಿಲ್ಲಿಸಿ, ಆಮೇಲೆ ಮತ್ತೆ. ಹೊಸ ರುಚಿಯನ್ನು ಒಂದು ಸಲ ಉಗಿದರೆ ಇಷ್ಟ ಇಲ್ಲ ಅಂತಲ್ಲ, ಎಂಟು ಹತ್ತು ಸಲ ಕೊಟ್ಟ ಮೇಲೆ ಒಗ್ಗುತ್ತದೆ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಮಾತ್ರ ಕೈಗೆ ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಅಜ್ಜಿಯರು ಕೇಳುವುದು

ಬಾಳೆಹಣ್ಣಿಗೆ ಶೀತ ಆಗುತ್ತದಾ? ಇಲ್ಲ, ಶೀತ ವೈರಸ್‌ನಿಂದ ಬರುತ್ತದೆ. ಆದರೆ ಹಾಗೆ ಹೇಳಿದರೆ ಅವರು ಒಪ್ಪುವುದಿಲ್ಲ. ನಾನು ಈಗ "ಮಧ್ಯಾಹ್ನ ಬಿಸಿಲಿರುವಾಗ ಅರ್ಧ ಹಣ್ಣು ಕೊಟ್ಟು ನೋಡಿ ಅಜ್ಜಿ, ಶೀತ ಆದ್ರೆ ನನ್ನ ಬೈಯಿರಿ" ಅನ್ನುತ್ತೇನೆ. ವಾದ ಗೆಲ್ಲುವುದಕ್ಕಿಂತ ಹಣ್ಣು ಒಳಗೆ ಹೋಗುವುದು ಮುಖ್ಯ.

ಟೀಯಲ್ಲಿ ಅದ್ದಿದ ಬಿಸ್ಕೆಟ್? ಬೇಡವೇ ಬೇಡ. ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಬಿಸ್ಕೆಟ್ಟು ಹಸಿವು ಕೊಲ್ಲುತ್ತದೆ. ಬೆಂಗಳೂರಿಗೆ ಹತ್ತಿರದ ಹಳ್ಳಿಗಳಲ್ಲಿ ಈ ಕಾಟ ಜಾಸ್ತಿ, ಚಿಲ್ಲರೆ ಅಂಗಡಿಯ ಬಾಗಿಲಿಗೆ ಪ್ಯಾಕೆಟ್ಟಿನ ತೋರಣವೇ ಇರುತ್ತದೆ.

ತೂಕ ಹಾಕಿಸಿದರೆ ದೃಷ್ಟಿ ತಾಗುತ್ತದೆ ಅಂದರೆ, ಬೊಟ್ಟು ಇಟ್ಟು ತೂಕ ಹಾಕಿಸಿ. ಬೊಟ್ಟಿನಿಂದ ತೂಕ ಏನೂ ತಪ್ಪುವುದಿಲ್ಲ. ತಾಯಿ ಕಾರ್ಡ್‌ನ ಬೆಳವಣಿಗೆ ಗೆರೆಯನ್ನು ಅಪ್ಪನಿಗೆ ತೋರಿಸಿ, ಹಾಲಿನ ಫ್ಯಾಟು, ಲೀಟರು ಬರೆದ ಡೈರಿ ಪುಸ್ತಕ ಓದಿ ಅಭ್ಯಾಸ ಇರುವವರಿಗೆ ಅದು ಬೇಗ ಹೊಳೆಯುತ್ತದೆ. ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕು. ಕಾರ್ಯಕರ್ತೆಯ ಹತ್ತಿರ ತೋಳಿನ ಪಟ್ಟಿ ಇರುತ್ತದೆ. ಆರು ತಿಂಗಳು ದಾಟಿದ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ, ಅಂದರೆ ಕೆಂಪು ಬಂದರೆ, ಅಥವಾ ಎರಡೂ ಪಾದ ಊದಿದ್ದರೆ ಸರಿ ಹಿಟ್ಟು ಕೊಟ್ಟು ಕಾಯುವ ಮಾತಲ್ಲ. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಬೇಕಿದ್ದರೆ ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುತ್ತಾರೆ.

ಐರನ್ ಸಿರಪ್ ಕುಡಿಸಿದರೆ ಕಕ್ಕ ಕಪ್ಪಗಾಗುತ್ತದೆ ಅಂತ ಹೆದರಿ ಬಾಟಲಿಯನ್ನು ದೇವರ ಗೂಡಲ್ಲಿ ಇಟ್ಟಿರುತ್ತಾರೆ. ಕಪ್ಪಾಗುವುದು ಸಹಜ ಅಂತ ಮುಂಚೆಯೇ ಹೇಳಿಬಿಡಿ. ಆರು ತಿಂಗಳಿಂದ ವಾರಕ್ಕೆ ಎರಡು ಸಲ, ಒಂದೊಂದು ಮಿಲಿ.

ಭೇದಿ ಆದಾಗ ಹೊಟ್ಟೆ ಕಾಯಿಸುವುದು ಇನ್ನೊಂದು ಹಳೆ ರೂಢಿ. ಎದೆಹಾಲು, ಊಟ ಎರಡೂ ನಿಲ್ಲಬಾರದು, ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ಸಲ ಕೊಡಬೇಕು. ಓಆರ್‌ಎಸ್ ಜೊತೆಗೆ ಆಶಾ ಕೊಡುವ ಜಿಂಕ್ ಮಾತ್ರೆ 14 ದಿನ, ಭೇದಿ ನಿಂತರೂ ಪೂರ್ತಿ. ಹುಷಾರಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಿಗೆ ಉಣ್ಣಿಸಲಿ. ಕಣ್ಣು ಗುಳಿ ಬಿದ್ದು ಮಂಪರು ಕವಿದರೆ, ಏನೂ ಕುಡಿಯದಿದ್ದರೆ, ರಕ್ತ ಬಿದ್ದರೆ ಆಸ್ಪತ್ರೆಗೆ.

ವಾರ ಬಿಟ್ಟು ಮತ್ತೆ ಹೋಗಿ

ಒಂದು ಭೇಟಿಗೆ ಒಂದೇ ವಿಷಯ. ಈ ವಾರ ಗಟ್ಟಿ ಮಾಡುವುದು, ಮುಂದಿನ ವಾರ ಸೌಟು ಮುಂಚೆ ಎತ್ತುವುದು. ಮತ್ತೆ ಹೋದಾಗ "ಮಾಡಿದ್ರಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಈಗ ಏನು ಮಾಡಿದ್ದೀರಿ, ನೋಡೋಣ" ಅಂತ ಒಲೆ ಹತ್ತಿರ ಹೋಗಿ.

ಆ ಅಜ್ಜಿಯ ಮನೆಗೆ ನಾಲ್ಕನೇ ಸಲ ಹೋದಾಗ ಪಕ್ಕದ ಮನೆಯ ಬಾಣಂತಿಯೂ ಕೂತಿದ್ದಳು. ಅಜ್ಜಿ ನನ್ನ ಕಡೆ ನೋಡಲೂ ಇಲ್ಲ. ಚಮಚ ತುಂಬಿ, ಅವಳ ಮುಖದ ಮುಂದೆ ಓರೆ ಮಾಡಿ ಹಿಡಿದು, "ನೋಡಮ್ಮಿ, ಬಿತ್ತಾ? ಬೀಳಲಿಲ್ಲ ತಾನೆ?" ಅನ್ನುತ್ತಿದ್ದರು.